ಪ್ರಾಗ್‌ನಲ್ಲಿ ಒಬ್ಬರೇ ಮೂರು ದಿನ: ಯಾವ ದಿನ ಏನು ನೋಡಬೇಕು?

ಪ್ರಶ್ನೆ: ನಾನು ಮೈಸೂರಿನವಳು. ನವೆಂಬರ್‌ನಲ್ಲಿ ಆಫೀಸ್ ಕೆಲಸಕ್ಕೆ ಬರ್ಲಿನ್‌ಗೆ ಹೋಗುತ್ತಿದ್ದೇನೆ. ತಿಂಗಳ ಮಧ್ಯದಲ್ಲಿ ಒಂದು ಶುಕ್ರವಾರ ಸಂಜೆಯಿಂದ ಸೋಮವಾರ ರಾತ್ರಿಯವರೆಗೆ ಬಿಡುವಿದೆ. ಒಬ್ಬಳೇ ಪ್ರಾಗ್ ನೋಡಿಕೊಂಡು ಬರೋಣ ಅಂತ ಆಸೆ. ಕೋಟೆ, ಚಾರ್ಲ್ಸ್ ಸೇತುವೆ, ಗಡಿಯಾರ, ಯಹೂದಿ ಬಡಾವಣೆ, ಜೊತೆಗೆ ಚೆಸ್ಕಿ ಕ್ರುಮ್ಲೋವ್, ಕಾರ್ಲೋವಿ ವಾರಿ, ಕುಟ್ನಾ ಹೋರಾ ಎಲ್ಲ ಪಟ್ಟಿಯಲ್ಲಿವೆ. ಸಸ್ಯಾಹಾರಿ, ಮೊಟ್ಟೆ ಪರವಾಗಿಲ್ಲ. ಯುರೋಪಿನಲ್ಲಿ ಒಬ್ಬಳೇ ಓಡಾಡಿ ಅಭ್ಯಾಸವಿಲ್ಲ, ಅಮ್ಮನಿಗಂತೂ ಭಯ. ಹೇಗೆ ಪ್ಲಾನ್ ಮಾಡಲಿ?

ಉತ್ತರ: ಮೊದಲು ಪಟ್ಟಿಯ ಕೊನೆಯ ಮೂರು ಊರುಗಳನ್ನು ಹೊಡೆದುಹಾಕಿ. ಚೆಸ್ಕಿ ಕ್ರುಮ್ಲೋವ್ ಪ್ರಾಗ್‌ನಿಂದ ಸುಮಾರು 170 ಕಿ.ಮೀ. ಹೋಗಲು 3 ಗಂಟೆ, ಬರಲು 3 ಗಂಟೆ. ಕಾರ್ಲೋವಿ ವಾರಿ ಬಸ್ಸಿನಲ್ಲಿ 2 ಗಂಟೆ ದೂರ. ನವೆಂಬರ್ ಮಧ್ಯದಲ್ಲಿ ಅಲ್ಲಿ ಸಂಜೆ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಇರುವ ಒಂಬತ್ತು ಗಂಟೆ ಬೆಳಕಿನಲ್ಲಿ ನಾಲ್ಕರಿಂದ ಆರು ಗಂಟೆ ಬಸ್ಸಲ್ಲಿ ಕಳೆದರೆ ಏನು ನೋಡಿದ ಹಾಗಾಯಿತು? ಕುಟ್ನಾ ಹೋರಾ ಮಾತ್ರ ರೈಲಿನಲ್ಲಿ ಒಂದು ಗಂಟೆಯ ದಾರಿ. ಅದನ್ನೂ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಪ್ರಾಗ್ ಒಂದೇ ಊರಿಗೆ ನಿಮ್ಮ ದಿನಗಳು ಸರಿಹೋಗುತ್ತವೆ.

ಕಾಗದಪತ್ರದ ವಿಷಯ ಬೇಗ ಮುಗಿಸಿಬಿಡೋಣ. ಜೆಕ್ ದೇಶ ಷೆಂಗನ್ ಒಳಗೇ ಇದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದಲ್ಲಿ. ಜರ್ಮನಿಯ ಷೆಂಗನ್ ವೀಸಾ ಇದ್ದರೆ ಸಾಕು, ಬೇರೆ ವೀಸಾ ಬೇಡ. ನಿಮ್ಮದು ಸಿಂಗಲ್ ಎಂಟ್ರಿ ವೀಸಾ ಆದರೂ ಚಿಂತೆ ಇಲ್ಲ, ಷೆಂಗನ್ ಒಳಗಿನ ಓಡಾಟ ಹೊಸ ಎಂಟ್ರಿ ಎಂದು ಲೆಕ್ಕಕ್ಕೆ ಬರುವುದಿಲ್ಲ. ವೀಸಾಗೆ ಮಾಡಿಸಿದ ಇನ್ಶೂರೆನ್ಸ್ ಅಲ್ಲೂ ನಡೆಯುತ್ತದೆ. ಬರ್ಲಿನ್‌ನಲ್ಲಿ ತೆಗೆದುಕೊಂಡ ಜರ್ಮನ್ ಸಿಮ್ ಕೂಡ ಸಾಮಾನ್ಯವಾಗಿ ರೋಮಿಂಗ್ ದುಡ್ಡಿಲ್ಲದೆ ಕೆಲಸ ಮಾಡುತ್ತದೆ. ಪಾಸ್‌ಪೋರ್ಟ್ ಮಾತ್ರ ಬರ್ಲಿನ್ ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಒಳಗಿನ ಗಡಿ ಅಲ್ವಾ, ಯಾರು ಕೇಳ್ತಾರೆ ಅನ್ನಬೇಡಿ. ಜರ್ಮನಿಯವರು 2024ರ ಸೆಪ್ಟೆಂಬರ್‌ನಿಂದ ತಮ್ಮ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರು ಮಾಡಿದ್ದಾರೆ. ವಾಪಸ್ ಬರುವಾಗ ಪೊಲೀಸರು ರೈಲಿನೊಳಗೇ ಬಂದು ನೋಡಬಹುದು.

ಈಗ ನಿಜವಾದ ವಿಷಯ. ಪ್ರಾಗ್‌ನಲ್ಲಿ ಸಿಕ್ಕಾಪಟ್ಟೆ ಜನ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಜನ ಊರ ತುಂಬ ಇರುವುದಿಲ್ಲ, ಒಂದೇ ದಾರಿಯಲ್ಲಿ ಇರುತ್ತಾರೆ. ಹಿಂದೆ ಬೊಹೀಮಿಯಾದ (ಈಗಿನ ಜೆಕ್ ದೇಶದ ಪಶ್ಚಿಮ ಭಾಗ) ರಾಜರು ಪಟ್ಟಾಭಿಷೇಕಕ್ಕೆ ಹೋಗುತ್ತಿದ್ದ ರಾಜಮಾರ್ಗ ಅದು. ಪೌಡರ್ ಟವರ್ ಎಂಬ ಹಳೇ ಬಾಗಿಲಿನಿಂದ ಹೊರಟು, ಓಲ್ಡ್ ಟೌನ್ ಚೌಕ ದಾಟಿ, ಚಾರ್ಲ್ಸ್ ಸೇತುವೆ ಮೇಲೆ ಹಾದು, ಗುಡ್ಡ ಹತ್ತಿ ಕೋಟೆಗೆ. ದಸರಾ ಸಮಯದಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎರಡು ಬೀದಿ ಆಚೆ ಹೋದರೆ ಆರಾಮಾಗಿ ನಡೆಯಬಹುದು, ಹಾಗೆಯೇ ಇದು. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಎಲ್ಲ ಗುಂಪುಗಳೂ ಅಲ್ಲೇ. ನೀವು ಆ ದಾರಿಗೆ ಬೇರೆ ಹೊತ್ತಿನಲ್ಲಿ ಹೋಗಿ, ಆ ಹೊತ್ತಿನಲ್ಲಿ ಬೇರೆ ದಾರಿಗೆ ಹೋಗಿ. ಒಬ್ಬರೇ ಹೋಗುವುದರ ಲಾಭವೇ ಇದು. ಬೆಳಿಗ್ಗೆ ಆರೂವರೆಗೆ ಎದ್ದು ಹೊರಡಲು ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಹಾಗಾಗಿ ಹೋಟೆಲ್ ಓಲ್ಡ್ ಟೌನ್ ನಟ್ಟನಡುವೆ ಬೇಡ. ದುಬಾರಿ, ಮೇಲಾಗಿ ವಾರಾಂತ್ಯದ ರಾತ್ರಿ ಕುಡುಕರ ಗಲಾಟೆ. ಮದುವೆಗೆ ಮುಂಚಿನ ಪಾರ್ಟಿ ಮಾಡಲು ಯುರೋಪಿನ ಎಲ್ಲ ಕಡೆಯಿಂದ ಹುಡುಗರ ದಂಡು ಅಲ್ಲಿಗೆ ಬರುತ್ತದೆ. ಗುಂಪು ಕಟ್ಟಿಕೊಂಡು ಪಬ್ಬಿನಿಂದ ಪಬ್ಬಿಗೆ ಕರೆದೊಯ್ಯುವ ರಾತ್ರಿ ಟೂರ್‌ಗಳನ್ನು 2024ರಲ್ಲಿ ನಿಷೇಧಿಸಿದ್ದಾರೆ, ಆದರೂ ನಿದ್ದೆಗೆ ಆ ಜಾಗ ಅಲ್ಲ. ನನ್ನ ಸಲಹೆ ವಿನೋಹ್ರಾಡಿ ಬಡಾವಣೆ, ಅದರಲ್ಲೂ ನಾಮ್ಯೆಸ್ತಿ ಮೀರು ಚೌಕದ ಸುತ್ತಮುತ್ತ. ಊರಿನ ಜನ ವಾಸ ಮಾಡುವ ಜಾಗ. ಮರಗಳಿರುವ ಬೀದಿಗಳು, ಬೇಕರಿ, ಸಣ್ಣ ಕೆಫೆ, ಸೂಪರ್‌ಮಾರ್ಕೆಟ್. ರಾತ್ರಿ ಹತ್ತಕ್ಕೂ ಜನ ನಾಯಿ ಕರೆದುಕೊಂಡು ವಾಕಿಂಗ್ ಹೋಗುತ್ತಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, 22ನೇ ನಂಬರಿನ ಟ್ರಾಮ್ ಅಲ್ಲಿಂದ ನೇರ ಕೋಟೆಗೆ ಹೋಗುತ್ತದೆ.

ಬರ್ಲಿನ್‌ನಿಂದ ರೈಲು ಹಿಡಿಯಿರಿ, ವಿಮಾನ ಬೇಡ. ನಾಲ್ಕೂವರೆ ಗಂಟೆ ಆಸುಪಾಸು ಆಗುತ್ತದೆ, ಇಳಿಯುವುದು ಊರ ಮಧ್ಯದಲ್ಲೇ. ಶುಕ್ರವಾರ ಸಂಜೆ ರಶ್ ಇರುತ್ತದೆ, ಸೀಟ್ ರಿಸರ್ವ್ ಮಾಡಿಸಿ. ಇದೇ ರೈಲಿನ ಟಿಕೆಟ್ ಜೆಕ್ ರೈಲ್ವೆಯ ಸೈಟಿನಲ್ಲಿ ಕೆಲವೊಮ್ಮೆ ಕಡಿಮೆಗೆ ಸಿಗುತ್ತದೆ, ಜರ್ಮನ್, ಜೆಕ್ ಎರಡೂ ಕಡೆ ನೋಡಿ. ಪ್ರಾಗ್‌ನ ಮುಖ್ಯ ನಿಲ್ದಾಣದ ಹೆಸರು ಹ್ಲಾವ್ನಿ ನಾದ್ರಾಜಿ. ಅದಕ್ಕೂ ಮುಂಚೆ ಹೊಲೆಶೋವಿತ್ಸೆ ಎಂಬ ಇನ್ನೊಂದು ಪ್ರಾಗ್ ನಿಲ್ದಾಣ ಬಂದರೆ ಅವಸರದಲ್ಲಿ ಇಳಿಯಬೇಡಿ. ಮುಖ್ಯ ನಿಲ್ದಾಣದಿಂದ ಕೆಂಪು ಮೆಟ್ರೋದಲ್ಲಿ ಒಂದು ಸ್ಟಾಪ್, ಮುಜೆಯುಮ್‌ನಲ್ಲಿ ಹಸಿರು ಲೈನ್‌ಗೆ ಬದಲಿಸಿ ಇನ್ನೊಂದು ಸ್ಟಾಪ್, ನಾಮ್ಯೆಸ್ತಿ ಮೀರು ಬಂತು. ಅಲ್ಲಿನ ಎಸ್ಕಲೇಟರ್ 87 ಮೀಟರ್ ಉದ್ದ, ನೆಲದಿಂದ 53 ಮೀಟರ್ ಆಳದ ಪ್ಲಾಟ್‌ಫಾರ್ಮಿನಿಂದ ಮೇಲೆ ತರುತ್ತದೆ. ಬಲಗಡೆ ನಿಲ್ಲಿ, ಎಡಗಡೆ ನಡೆಯುವವರಿಗೆ ಬಿಡಿ.

ಟಿಕೆಟ್ ಬಗ್ಗೆ ಒಂದು ಎಚ್ಚರಿಕೆ. ನಿಲ್ದಾಣದಲ್ಲೇ 72 ಗಂಟೆಯ ಪಾಸ್ ಕೊಳ್ಳಿ. ಶುಕ್ರವಾರ ರಾತ್ರಿಯಿಂದ ಸೋಮವಾರ ರಾತ್ರಿಯವರೆಗೆ ಮೆಟ್ರೋ, ಟ್ರಾಮ್, ಬಸ್ ಎಲ್ಲಕ್ಕೂ ಆಗುತ್ತದೆ. ಆದರೆ ಕಾಗದದ ಟಿಕೆಟ್ ಕೊಂಡರೆ ಸಾಲದು, ಮೊದಲ ಸಲ ಹತ್ತುವಾಗ ಸಣ್ಣ ಮೆಷೀನಿಗೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಒಂದೇ ಸಲ. ಮುದ್ರೆ ಇಲ್ಲದ ಟಿಕೆಟ್ ಅವರ ಲೆಕ್ಕದಲ್ಲಿ ಟಿಕೆಟ್ಟೇ ಅಲ್ಲ. ಚೆಕ್ ಮಾಡುವವರು ಮಾಮೂಲಿ ಬಟ್ಟೆಯಲ್ಲಿರುತ್ತಾರೆ, ಬ್ಯಾಡ್ಜ್ ತೋರಿಸುತ್ತಾರೆ. ‘ಗೊತ್ತಿರಲಿಲ್ಲ’ ಅಂದರೆ ಬಿಡುವುದಿಲ್ಲ.

ಇನ್ನು ಯಾವ ದಿನ ಏನು ಎಂಬುದು. ನಿಮ್ಮ ಇಷ್ಟಕ್ಕಿಂತ ಬಾಗಿಲು ಯಾವಾಗ ಮುಚ್ಚಿರುತ್ತದೆ ಅನ್ನುವುದೇ ಇದನ್ನು ತೀರ್ಮಾನಿಸುತ್ತದೆ. ಯಹೂದಿ ಮ್ಯೂಸಿಯಂ ಶನಿವಾರ ರಜೆ, ಅದು ಯಹೂದಿಗಳ ವಾರದ ವಿಶ್ರಾಂತಿ ದಿನ, ಸಬ್ಬತ್. ಕೋಟೆಯೊಳಗಿನ ದೊಡ್ಡ ಚರ್ಚ್ ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಮೀಸಲು, ನೋಡಲು ಬಂದವರಿಗೆ ಮಧ್ಯಾಹ್ನದಿಂದ ಪ್ರವೇಶ. ನ್ಯಾಷನಲ್ ಗ್ಯಾಲರಿ ಸೋಮವಾರ ಮುಚ್ಚಿರುತ್ತದೆ. ಇವನ್ನು ಇಟ್ಟುಕೊಂಡರೆ ಲೆಕ್ಕ ತಾನಾಗೇ ಬರುತ್ತದೆ. ಶನಿವಾರ ಕೋಟೆ, ಭಾನುವಾರ ಸೇತುವೆ ಮತ್ತು ಯಹೂದಿ ಬಡಾವಣೆ, ಸೋಮವಾರ ಬೆಳಿಗ್ಗೆ ವಿಶೆಹ್ರಾಡ್ ಎಂಬ ಇನ್ನೊಂದು ಹಳೇ ಕೋಟೆ.

ಶನಿವಾರ ಎಂಟಕ್ಕೆ 22ರ ಟ್ರಾಮ್ ಹತ್ತಿ. ‘ಕೋಟೆ’ ಸ್ಟಾಪಿನಲ್ಲಿ ಇಳಿಯಬೇಡಿ, ಎರಡು ಸ್ಟಾಪ್ ಮುಂದೆ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಅದು ಗುಡ್ಡದ ತುದಿ. ಎಲ್ಲರೂ ಏದುಸಿರು ಬಿಡುತ್ತಾ ಹತ್ತುವ ಗುಡ್ಡವನ್ನು ನೀವು ಇಳಿಯುತ್ತೀರಿ. ಪಕ್ಕದಲ್ಲೇ ಸ್ತ್ರಾಹೋವ್ ಮಠ, ಅದರ ಅಂಚಿನಿಂದ ಇಡೀ ಊರು ಕಾಣುತ್ತದೆ. ಅಲ್ಲಿಂದ ಲೊರೆಟಾ ಚರ್ಚಿನ ಮುಂದೆ ನಡೆದುಕೊಂಡು ಕೋಟೆ ಬಾಗಿಲಿಗೆ ಬನ್ನಿ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರಬಹುದು. ಅಂಗಳಗಳಿಗೆ ಟಿಕೆಟ್ ಇಲ್ಲ, ಕಟ್ಟಡಗಳೊಳಗೆ ಹೋಗಲು ಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಟ್ಟಡಗಳು 9ರಿಂದ 4ರವರೆಗೆ ಮಾತ್ರ, ತೋಟಗಳು ಪೂರ್ತಿ ಬಂದ್. ಒಂಬತ್ತಕ್ಕೇ ಸಂತ ವಿಟಸ್ ಕೆಥೆಡ್ರಲ್ ಬಾಗಿಲಲ್ಲಿರಿ.

ಆ ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಮಧ್ಯೆ ಯುದ್ಧ, ದುಡ್ಡಿಲ್ಲ, ಆಸಕ್ತಿ ಇಲ್ಲ, ಹೀಗೆ ಶತಮಾನಗಳು ಹೋದವು. ಹಿಂದಿನ ತುದಿ ಹದಿನಾಲ್ಕನೇ ಶತಮಾನದ್ದು, ನೀವು ಒಳಗೆ ಹೋಗುವ ಮುಂಭಾಗ ಹೆಚ್ಚುಕಡಿಮೆ ನಿಮ್ಮ ಮುತ್ತಜ್ಜನ ಕಾಲದ್ದು. ಎಡಗಡೆ ಮೂರನೇ ಕಿಟಕಿಯಲ್ಲಿ ಜೆಕ್ ಚಿತ್ರಕಾರ ಅಲ್ಫೋನ್ಸ್ ಮುಖಾ ಬರೆದ ಬಣ್ಣದ ಗಾಜು ಇದೆ, ಗುಂಪು ಬರುವ ಮೊದಲು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆಮೇಲೆ ಹಳೇ ಅರಮನೆ. ವ್ಲಾದಿಸ್ಲಾವ್ ಸಭಾಂಗಣಕ್ಕೆ ಬರುವ ಮೆಟ್ಟಿಲುಗಳು ಅಗಲ, ಎತ್ತರ ಕಡಿಮೆ. ಯಾಕೆಂದರೆ ಸವಾರರು ಕುದುರೆ ಸಮೇತ ಹತ್ತಿಬಂದು ಒಳಗೇ ಕಾಳಗದ ಆಟ ಆಡುತ್ತಿದ್ದರು. ಅಲ್ಲೇ ಪಕ್ಕದ ಕೋಣೆಯ ಕಿಟಕಿಯಿಂದ 1618ರ ಮೇ 23ರಂದು ಪ್ರಾಟೆಸ್ಟೆಂಟ್ ಜಹಗೀರುದಾರರು ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಎತ್ತಿ ಹೊರಗೆ ಎಸೆದರು. ಮೂವರೂ ಬದುಕಿದರು. ಮೇರಿ ಮಾತೆ ಕೈಹಿಡಿದಳು ಎಂದು ಕ್ಯಾಥೊಲಿಕರು ಹೇಳಿದರು, ಬಿದ್ದದ್ದು ತಿಪ್ಪೆ ಮೇಲೆ ಎಂದು ಪ್ರಾಟೆಸ್ಟೆಂಟರು. ಯುರೋಪನ್ನು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧ ಶುರುವಾದದ್ದು ಆ ಕಿಟಕಿಯಿಂದ. ಗೋಲ್ಡನ್ ಲೇನ್ ಎಂಬ ಪುಟ್ಟ ಮನೆಗಳ ಓಣಿ ಅದೇ ಟಿಕೆಟಿನಲ್ಲಿದೆ. 22ನೇ ನಂಬರಿನ ಮನೆಯಲ್ಲಿ ಸಾಹಿತಿ ಕಾಫ್ಕಾ 1916–17ರಲ್ಲಿ ಕೂತು ಬರೆಯುತ್ತಿದ್ದ. ನೋಡಿ, ಆದರೆ ಅಲ್ಲಿ ಜಾಸ್ತಿ ಇರುವುದು ಅಂಗಡಿಗಳು. ನನಗೇನೂ ಅಷ್ಟು ಹಿಡಿಸುವುದಿಲ್ಲ.

ಹನ್ನೆರಡರ ಹೊತ್ತಿಗೆ ಪೂರ್ವದ ಬಾಗಿಲಿನಿಂದ ಮೆಟ್ಟಿಲಿಳಿದು ಹೊರಬನ್ನಿ. ಗುಂಪುಗಳು ಹತ್ತುತ್ತಿರುತ್ತವೆ. ಮಧ್ಯಾಹ್ನವನ್ನು ಕೋಟೆ ಕೆಳಗಿನ ಮಾಲಾ ಸ್ತ್ರಾನಾ ಬಡಾವಣೆಯ ಹಿಂದಿನ ಬೀದಿಗಳಲ್ಲಿ ಕಳೆಯಿರಿ, ಕಾಂಪಾ ದ್ವೀಪದ ನದಿ ಅಂಚಿನಲ್ಲಿ ನಡೆಯಿರಿ. ಕತ್ತಲಾಗುವ ಹೊತ್ತಿಗೆ ನಾರೊದ್ನಿ ರಸ್ತೆಯ ಕೆಫೆ ಲೂವ್ರ್‌ಗೆ ಹೋಗಿ ಕೂರಿ. 1902ರ ಕೆಫೆ, ಕಾಫ್ಕಾ, ಐನ್‌ಸ್ಟೀನ್ ಬಂದು ಕೂರುತ್ತಿದ್ದ ಜಾಗ. ಒಬ್ಬರೇ ಒಂದು ಕಾಫಿ ಇಟ್ಟುಕೊಂಡು ಪುಸ್ತಕ ಓದುತ್ತಾ ಕೂತರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೇ ರಸ್ತೆಯ ಒಂದು ಕಮಾನಿನ ಕೆಳಗೆ ಕಂಚಿನ ಕೈಗಳ ಸಣ್ಣ ಸ್ಮಾರಕ ಇದೆ. 1989ರ ನವೆಂಬರ್ 17ರಂದು ವಿದ್ಯಾರ್ಥಿಗಳ ಮೆರವಣಿಗೆಗೆ ಪೊಲೀಸರು ಅಲ್ಲಿ ಲಾಠಿ ಬೀಸಿದರು, ಕಮ್ಯುನಿಸ್ಟ್ ಸರ್ಕಾರದ ಪತನ ಅಲ್ಲಿಂದ ಶುರುವಾಯಿತು. ನೀವು ಹೋಗುವ ದಿನಗಳಲ್ಲೇ 17 ಬಂದರೆ ಅದೃಷ್ಟ. ಊರಿನವರೆಲ್ಲ ಬಂದು ಮೇಣದಬತ್ತಿ ಹಚ್ಚುತ್ತಾರೆ, ನೂಕುನುಗ್ಗಲಾದರೂ ತಪ್ಪಿಸಬೇಡಿ.

ಭಾನುವಾರ ಸೇತುವೆ. ಬೇಸಿಗೆಯಲ್ಲಿ ಹೋದವರಿಗೆ ಸೂರ್ಯೋದಯ ನೋಡಲು ನಾಲ್ಕೂವರೆಗೇ ಏಳಬೇಕಾದ ಕಷ್ಟ. ನವೆಂಬರ್ ಮಧ್ಯದಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲರ ಮೇಲೆ. ಏಳಕ್ಕೆ ಸೇತುವೆ ಮೇಲಿದ್ದರೆ ಸಾಕು. ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಕಟ್ಟಿಸಲು ಶುರು ಮಾಡಿದ ಸೇತುವೆ, ಉದ್ದ 500 ಮೀಟರಿಗೆ ಸ್ವಲ್ಪ ಜಾಸ್ತಿ. ಎರಡೂ ಬದಿಯ 30 ಪ್ರತಿಮೆಗಳಲ್ಲಿ ಹೆಚ್ಚಿನವು ಈಗ ನಕಲು, ಮೂಲಗಳು ಮ್ಯೂಸಿಯಂನಲ್ಲಿವೆ. ಜನ ಮುಟ್ಟಿ ಮುಟ್ಟಿ ಹೊಳೆಯುವ ಕಂಚಿನ ಫಲಕ ಸಂತ ಜಾನ್ ನೆಪೊಮುಕ್ ಅವರದು. 1393ರಲ್ಲಿ ಅವರನ್ನು ಈ ಸೇತುವೆಯಿಂದಲೇ ನದಿಗೆ ಎಸೆದರು. ನೋಡಿದಿರಲ್ಲ, ಈ ಊರಿನವರಿಗೆ ಮೇಲಿಂದ ಎಸೆಯುವ ಅಭ್ಯಾಸ ಹಳೆಯದು.

ಯಹೂದಿ ಬಡಾವಣೆ ಯೋಸೆಫೋವ್ ಅಲ್ಲಿಂದ ಹತ್ತು ನಿಮಿಷ. ಒಂಬತ್ತಕ್ಕೆ ತೆರೆಯುತ್ತದೆ. ಮೊದಲು ಪಿಂಕಾಸ್ ಸಿನಗಾಗ್‌ಗೆ ಹೋಗಿ. ನಾಜಿಗಳು ಕೊಂದ ಬೊಹೀಮಿಯಾ, ಮೊರೇವಿಯಾದ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಗೋಡೆ ತುಂಬ ಕೈಯಲ್ಲಿ ಬರೆದಿದ್ದಾರೆ. ಮೇಲಿನ ಮಹಡಿಯಲ್ಲಿ ನಾಜಿಗಳ ತೆರೆಜಿನ್ ಬಂಧನ ಶಿಬಿರದ ಮಕ್ಕಳು ಬರೆದ ಚಿತ್ರಗಳಿವೆ. ಪಕ್ಕದ ಸ್ಮಶಾನದಲ್ಲಿ ಜಾಗ ಸಾಲದೆ ಸಮಾಧಿ ಮೇಲೆ ಸಮಾಧಿ ಮಾಡಿದ್ದಾರೆ, ಕೆಲವು ಕಡೆ ಹನ್ನೆರಡು ಪದರದವರೆಗೆ. 1787ರ ನಂತರ ಅಲ್ಲಿ ಯಾರನ್ನೂ ಹೂಳಿಲ್ಲ. ಇದೊಂದು ಜಾಗಕ್ಕೆ ಪೂರ್ತಿ ಬೆಳಗನ್ನೇ ಕೊಡಿ, ಅದಾದ ಮೇಲೆ ತಕ್ಷಣ ಇನ್ನೊಂದು ಮ್ಯೂಸಿಯಂಗೆ ಓಡಬೇಡಿ.

ಓಲ್ಡ್ ಟೌನ್ ಚೌಕದ ಗಡಿಯಾರಕ್ಕೆ ಬರೋಣ. ಗಂಟೆ ಹೊಡೆಯುವಾಗ ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರ ಗೊಂಬೆಗಳು ಹಾದುಹೋಗುತ್ತವೆ. ಒಂದು ನಿಮಿಷದೊಳಗೆ ಮುಗಿಯುತ್ತದೆ. ಎಲ್ಲರೂ ಫೋನ್ ಎತ್ತಿ ಹಿಡಿದಿರುತ್ತಾರೆ, ಜೇಬುಗಳ್ಳರಿಗೂ ಅದೇ ಒಳ್ಳೇ ಸಮಯ. ನೀವು ಎರಡೂವರೆಗೆ ಹೋಗಿ, ಎರಡಕ್ಕೂ ಅಲ್ಲ, ಮೂರಕ್ಕೂ ಅಲ್ಲ. ನೋಡಬೇಕಾದದ್ದು ಗೊಂಬೆಗಳಲ್ಲ, 1410ರ ಆ ಖಗೋಳ ತಟ್ಟೆ. ಮನೆಯಲ್ಲಿ ಪಂಚಾಂಗ ನೋಡಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ. ಹನ್ನೆರಡು ರಾಶಿಗಳ ಬಳೆ, ಅದರ ಮೇಲೆ ಚಲಿಸುವ ಸೂರ್ಯ, ಅರ್ಧ ಕಪ್ಪು ಅರ್ಧ ಬೆಳ್ಳಿಯ ಗುಂಡಾಗಿ ಚಂದ್ರ. ಆ ಗುಂಡು ತಿರುಗುತ್ತಾ ಶುಕ್ಲ, ಕೃಷ್ಣ ಪಕ್ಷಗಳನ್ನು ತೋರಿಸುತ್ತದೆ. ರಾಶಿಗಳು ಮಾತ್ರ ಪಾಶ್ಚಾತ್ಯ ಲೆಕ್ಕದವು, ನಮ್ಮ ಪಂಚಾಂಗಕ್ಕೆ ಹೋಲಿಸಿದರೆ ಸೂರ್ಯ ಸುಮಾರು 24 ಡಿಗ್ರಿ ಮುಂದೆ ಕಾಣುತ್ತಾನೆ. ಹೊರಗಿನ ಬಳೆಯದು ಹಳೇ ಜೆಕ್ ಗಂಟೆ, ಅದರಲ್ಲಿ ದಿನ ಶುರುವಾಗುವುದು ಸೂರ್ಯಾಸ್ತದಿಂದ. ಅದೇ ಚೌಕದ ಟೀನ್ ಚರ್ಚಿನಲ್ಲಿ ಖಗೋಳ ವಿಜ್ಞಾನಿ ಟೈಕೋ ಬ್ರಾಹೆಯ ಸಮಾಧಿ ಇದೆ. 1601ರಲ್ಲಿ ಈ ಊರಲ್ಲೇ ತೀರಿಕೊಂಡ. ಆತ ಬರೆದಿಟ್ಟ ಲೆಕ್ಕಗಳನ್ನು ಹಿಡಿದು ಕೆಪ್ಲರ್ ಗ್ರಹಗಳ ಚಲನೆಯ ಮೊದಲೆರಡು ನಿಯಮ ಕಂಡುಕೊಂಡದ್ದೂ ಇಲ್ಲೇ.

ಸಂಜೆ ಬೀದಿಯಲ್ಲಿ ವಿಗ್ ಹಾಕಿಕೊಂಡವರು ‘ಮೊಜಾರ್ಟ್ ಕಛೇರಿ’ ಅಂತ ಟಿಕೆಟ್ ಮಾರಲು ಬರುತ್ತಾರೆ. ನಕ್ಕು ಮುಂದೆ ಹೋಗಿ. ಒಬ್ಬರೇ ಇರುವವರಿಗೆ ಒಳ್ಳೇ ಕಡೆ ಸೀಟ್ ಸಿಗುವ ಸಾಧ್ಯತೆ ಜಾಸ್ತಿ, ಜೋಡಿಗಳು ಕೊಂಡಮೇಲೆ ಒಂಟಿ ಸೀಟು ಉಳಿದಿರುತ್ತದೆ. ರುಡೊಲ್ಫಿನುಮ್ ಅಥವಾ ಎಸ್ಟೇಟ್ಸ್ ಥಿಯೇಟರ್ ಸೈಟಿನಲ್ಲಿ ನೋಡಿ. ಮೊಜಾರ್ಟನ ಡಾನ್ ಜೊವಾನ್ನಿ 1787ರಲ್ಲಿ ಮೊದಲ ಸಲ ರಂಗಕ್ಕೆ ಬಂದದ್ದು ಆ ಥಿಯೇಟರಿನಲ್ಲೇ.

ದುಡ್ಡಿನ ವಿಷಯದಲ್ಲಿ ಮಾತ್ರ ಈ ಊರನ್ನು ಸುಮ್ನೆ ನಂಬಬೇಡಿ. ಅಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ. ಒಂದು ಯೂರೋಗೆ ಸುಮಾರು 24–25 ಕೊರುನಾ. ಯೂರೋ ತೆಗೆದುಕೊಳ್ಳುವ ಅಂಗಡಿಗಳಿವೆ, ಆದರೆ ದರ ಅವರಿಗೆ ಬೇಕಾದ ಹಾಗೆ. ಹೆಚ್ಚುಕಡಿಮೆ ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ಮೆಷೀನು ‘ಯೂರೋದಲ್ಲಿ ಕಟ್ಟುತ್ತೀರಾ, ರೂಪಾಯಿಯಲ್ಲಾ, ಕೊರುನಾದಲ್ಲಾ’ ಎಂದು ಕೇಳಿದರೆ ಯಾವಾಗಲೂ ಕೊರುನಾ ಒತ್ತಿ. ಎಟಿಎಂನಲ್ಲೂ ಅಷ್ಟೇ, ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂ ಹುಡುಕಿ. ರಸ್ತೆಯಲ್ಲಿ ಒಳ್ಳೇ ರೇಟ್ ಕೊಡುತ್ತೇನೆ ಅಂತ ಬಂದವರು ಬೇರೆ ದೇಶದ ಬೆಲೆಯಿಲ್ಲದ ನೋಟು ಕೊಟ್ಟು ಮಾಯವಾಗುತ್ತಾರೆ. ಕೌಂಟರಿನಲ್ಲಿ ಬದಲಿಸಿ ಮೋಸಹೋದರೆ ಒಂದು ದಾರಿ ಇದೆ. 2019ರಲ್ಲಿ ಬಂದ ನಿಯಮದ ಪ್ರಕಾರ 3 ಗಂಟೆಯೊಳಗೆ ವಾಪಸ್ ಹೋಗಿ ವ್ಯವಹಾರ ರದ್ದು ಮಾಡಿಸಬಹುದು. ರಸೀದಿ ಬೇಕು, ಹಾಗಾಗಿ ಬಿಸಾಡಬೇಡಿ.

ಊಟ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಮೊಟ್ಟೆ ತಿನ್ನುತ್ತೀರಿ ಅನ್ನುವುದು ಒಳ್ಳೆಯದಾಯಿತು. ಸ್ಮಾಜೆನಿ ಸೀರ್ ಅಂದರೆ ಚೀಸ್ ತುಂಡಿಗೆ ಮೊಟ್ಟೆ, ಬ್ರೆಡ್ ಪುಡಿ ಸವರಿ ಎಣ್ಣೆಯಲ್ಲಿ ಕರಿದದ್ದು, ಪ್ರತಿ ಪಬ್ಬಿನಲ್ಲೂ ಸಿಗುತ್ತದೆ. ಬ್ರಾಂಬೊರಾಕ್ ಅಂದರೆ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ದೋಸೆ. ಹಣ್ಣು ತುಂಬಿದ ಕಡುಬು ಓವೊಟ್ಸ್ನೆ ಕ್ನೆಡ್ಲಿಕಿ ಸಿಹಿ ಇದ್ದರೂ ಅವರಿಗೆ ಅದು ಊಟ. ಸೂಪುಗಳ ವಿಷಯದಲ್ಲಿ ಹುಷಾರು, ತರಕಾರಿ ಸೂಪಿಗೂ ಅನೇಕ ಕಡೆ ಮಾಂಸದ ಸಾರೇ ಬುಡ. ‘ಬೆಜ್ ಮಸಾ’, ಮಾಂಸ ಇಲ್ಲದ್ದು, ಈ ಎರಡು ಪದ ಬಾಯಿಗೆ ಬಂದರೆ ಸಾಕು. ಪೂರ್ತಿ ಸಸ್ಯಾಹಾರಿ ಹೋಟೆಲುಗಳೂ ಇವೆ, ತೂಕ ಹಾಕಿ ಬಿಲ್ ಮಾಡುವ ಇಂಡಿಯನ್ ಸಸ್ಯಾಹಾರಿ ಕ್ಯಾಂಟೀನೂ ಇದೆ. ಟೇಬಲ್ ಮೇಲೆ ನೀವು ಕೇಳದೆ ಇಟ್ಟ ಬ್ರೆಡ್ಡಿಗೂ ದುಡ್ಡು ಹಾಕಬಹುದು. ಬೀದಿ ಬೀದಿಯಲ್ಲಿ ‘ಹಳೇ ಪ್ರಾಗ್ ತಿಂಡಿ’ ಅಂತ ಮಾರುವ ಟ್ರ್‌ಡೆಲ್ನಿಕ್ ಪ್ರವಾಸಿಗರಿಗಾಗಿ ಬಂದದ್ದು, ರುಚಿಗೆ ಒಂದು ತಿನ್ನಿ, ಇತಿಹಾಸ ಅಂದುಕೊಂಡು ತಿನ್ನಬೇಡಿ.

ಅಮ್ಮನಿಗೆ ಏನು ಹೇಳುವುದು? ಕೈಹಾಕಿ ತೊಂದರೆ ಕೊಡುವಂಥ ಅಪರಾಧ ಈ ಊರಲ್ಲಿ ಕಡಿಮೆ, ಜೇಬುಗಳ್ಳತನ ಜಾಸ್ತಿ. ಚಾರ್ಲ್ಸ್ ಸೇತುವೆ, ಗಡಿಯಾರದ ಮುಂದೆ, ತುಂಬಿದ 22ರ ಟ್ರಾಮ್, ಈ ಮೂರು ಕಡೆ ಬ್ಯಾಗ್ ಮುಂದೆ ಹಾಕಿಕೊಳ್ಳಿ. ರಾತ್ರಿ ಹತ್ತರ ಮೇಲೆ ವೆನ್ಸೆಸ್ಲಾಸ್ ಚೌಕದಲ್ಲಿ ಕರೆಯುವ ದಲ್ಲಾಳಿಗಳಿಗೆ ಉತ್ತರ ಕೊಡಬೇಡಿ. ಟ್ಯಾಕ್ಸಿ ಬೇಕಾದರೆ ಆ್ಯಪ್‌ನಲ್ಲಿ ಕರೆಯಿರಿ, ಬೀದಿಯಲ್ಲಿ ನಿಂತದ್ದನ್ನು ಹತ್ತಬೇಡಿ. ತುರ್ತು ನಂಬರ್ 112. ಹೋಟೆಲ್ ವಿಳಾಸ ಅಮ್ಮನಿಗೆ ಕಳಿಸಿ, ದಿನಕ್ಕೊಂದು ಸಲ ಇಂಥ ಹೊತ್ತಿಗೆ ಫೋನ್ ಮಾಡುತ್ತೇನೆ ಎಂದು ಹೇಳಿಡಿ. ಗಂಟೆಗೊಂದು ಸಲ ಲೊಕೇಶನ್ ಕಳಿಸುವ ಅಭ್ಯಾಸ ಮಾಡಿಸಿದರೆ, ಒಮ್ಮೆ ಬ್ಯಾಟರಿ ಸತ್ತಾಗ ಮನೆಯಲ್ಲಿ ಎಲ್ಲರಿಗೂ ಗಾಬರಿ.

ಬಟ್ಟೆ ಪದರ ಪದರವಾಗಿ, ಮಳೆ ತಡೆಯುವ ಜಾಕೆಟ್, ಒದ್ದೆ ಕಲ್ಲಿನ ಮೇಲೆ ಜಾರದ ಶೂ. ಬೀದಿಗಳೆಲ್ಲ ಕಲ್ಲುಹಾಸು, ಚಕ್ರದ ಸೂಟ್‌ಕೇಸ್ ಎಳೆಯುವುದು ಹಿಂಸೆ, ಬೆನ್ನಿಗೆ ಹಾಕುವ ಬ್ಯಾಗ್ ತನ್ನಿ.

ಸೋಮವಾರ ಬೆಳಿಗ್ಗೆ ರೂಮ್ ಖಾಲಿ ಮಾಡಿ, ಬ್ಯಾಗನ್ನು ಮುಖ್ಯ ನಿಲ್ದಾಣದ ಲಾಕರಿನಲ್ಲಿಟ್ಟು, ಕೆಂಪು ಲೈನ್‌ನಲ್ಲಿ ಮೂರು ಸ್ಟಾಪ್ ದಾಟಿ ವಿಶೆಹ್ರಾಡ್‌ಗೆ ಹೋಗಿ. ನದಿ ಮೇಲಿನ ಹಳೇ ಕೋಟೆಗೋಡೆ, ಹನ್ನೊಂದನೇ ಶತಮಾನದ ಗುಂಡನೆಯ ಪುಟ್ಟ ಚರ್ಚ್, ಪಕ್ಕದ ಸ್ಮಶಾನದಲ್ಲಿ ಸಂಗೀತ ರಚನಕಾರರಾದ ಡ್ವೊರ್ಜಾಕ್, ಸ್ಮೆತಾನಾ, ಜೊತೆಗೆ ಮುಖಾ, ಇವರ ಸಮಾಧಿಗಳು. ಶನಿವಾರ ಗಾಜಿನಲ್ಲಿ ನೋಡಿದಿರಲ್ಲ, ಅದೇ ಮುಖಾ. ಊರಿನವರು ಗೋಡೆ ಮೇಲೆ ಓಡಲು, ಮಗುವಿನ ಗಾಡಿ ತಳ್ಳಲು ಬರುತ್ತಾರೆ. ಪ್ರವಾಸಿ ಗುಂಪುಗಳು ಕಡಿಮೆ. ಸಂಜೆವರೆಗೂ ಪ್ರಾಗ್‌ನಲ್ಲೇ ಇರೋಣ ಅನ್ನಿಸಬಹುದು, ಆದರೆ ಮಧ್ಯಾಹ್ನ ಹನ್ನೆರಡೂವರೆ ಆಸುಪಾಸಿನ ರೈಲು ಹಿಡಿಯಿರಿ. ಬರುವಾಗ ಕತ್ತಲಲ್ಲಿ ತಪ್ಪಿಹೋದ ಎಲ್ಬೆ ನದಿಯ ಕಣಿವೆ, ಮರಳುಗಲ್ಲಿನ ಬಂಡೆಗಳು ದ್ಯೆಚಿನ್‌ನಿಂದ ಡ್ರೆಸ್ಡೆನ್‌ವರೆಗೆ ಹಗಲಲ್ಲೇ ಸಿಗುತ್ತವೆ. ಸೀಟ್ ರಿಸರ್ವ್ ಮಾಡುವಾಗ ಬರ್ಲಿನ್ ಕಡೆಗೆ ಮುಖ ಮಾಡಿದರೆ ಬಲಗಡೆ ಬರುವ ಕಿಟಕಿ ಆರಿಸಿ, ನದಿ ಆ ಬದಿಗೇ ಇರುತ್ತದೆ.